ಗೆಳೆಯನ ಮಗನ ಬಾರ್ ಮಿತ್ಸ್ವಾಗೆ 180 ಡಾಲರ್ ಮುಯ್ಯಿ: ಯೆಹೂದಿಗಳಿಗೆ 18 ಯಾಕೆ ಅಷ್ಟು ಮುಖ್ಯ?

ಮಂಡ್ಯದ ಮಳೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳೆಯ ಯೆಹೂದಿ. ಬರುವ ಶನಿವಾರ ಅವನ ಮಗನ ಬಾರ್ ಮಿತ್ಸ್ವಾ. ಹುಡುಗನಿಗೆ 13 ತುಂಬಿತು, ಇನ್ನು ಮೇಲೆ ಧರ್ಮದ ಕಟ್ಟಳೆಗಳಿಗೆ ಅಪ್ಪ ಅಲ್ಲ, ಅವನೇ ಹೊಣೆ ಅನ್ನುವ ಸಮಾರಂಭ.

ನಮ್ಮೂರಿನ ರೂಢಿಯಂತೆ 151 ಡಾಲರ್ ಕೊಡೋಣ ಅಂದುಕೊಂಡಿದ್ದೆ. ಮುಯ್ಯಿ ಅಂದ ಮೇಲೆ ಕೊನೆಯಲ್ಲಿ ಒಂದು ಇರಬೇಕು ಅಲ್ವಾ. ಇನ್ನೊಬ್ಬ ಸಹೋದ್ಯೋಗಿ ಕೇಳಿ ನಕ್ಕ. "ಅವರಿಗೆ 18ರ ಮಗ್ಗಿಯಲ್ಲಿ ಕೊಡಬೇಕು. 180 ಮಾಡಿಬಿಡು" ಅಂದ. ಯಾಕೆ ಅಂದರೆ "ಚಾಯ್" ಅಂತ ಬರೆದು ತೋರಿಸಿದ. ಚಹಾಕ್ಕೂ ಹದಿನೆಂಟಕ್ಕೂ ಏನು ಸಂಬಂಧವೋ ತಲೆಬುಡ ಗೊತ್ತಾಗಲಿಲ್ಲ. ಆ 29 ಡಾಲರ್ ಜಾಸ್ತಿ ಯಾಕೆ ಅಂತ ಮನೆಯಲ್ಲಿ ಹೇಳಬೇಕು. ಬಲ್ಲವರು ಬಿಡಿಸಿ ಹೇಳಿ.

ಲೆಕ್ಕದ ಮೇಷ್ಟ್ರು

ಅದು ಚಹಾ ಅಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಹಾಗೆ ಕಾಣುತ್ತದೆ, ಅಷ್ಟೆ. ಉಚ್ಚಾರ 'ಖಾಯ್', ಗಂಟಲು ಕೆರೆದ ಹಾಗೆ ಹೊರಡುವ ಖ. ಜೀವಂತ, ಬದುಕಿರುವ ಅಂತ ಅರ್ಥ.

ಹೀಬ್ರೂವಿನಲ್ಲಿ 22 ಅಕ್ಷರ. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಆ ಅಕ್ಷರಗಳನ್ನೇ ಅಂಕಿಗಳಾಗಿ ಬಳಸುತ್ತಾ ಬಂದಿದ್ದಾರೆ. ಮೊದಲ ಹತ್ತು ಅಕ್ಷರ 1ರಿಂದ 10. ಆಮೇಲೆ 20, 30, 40 ಅಂತ ಹತ್ತತ್ತರ ಹೆಜ್ಜೆಯಲ್ಲಿ 100ರವರೆಗೆ. ಕೊನೆಯ ಮೂರಕ್ಕೆ 200, 300, 400. ಸೊನ್ನೆ ಇಲ್ಲ, ಸ್ಥಾನಬೆಲೆ ಇಲ್ಲ. ಬರೆದ ಅಕ್ಷರಗಳನ್ನು ಕೂಡಿದರೆ ಸಂಖ್ಯೆ ಸಿಕ್ಕಿತು. ಖಾಯ್ ಪದದಲ್ಲಿ ಎರಡೇ ಅಕ್ಷರ. ಖೇತ್ 8, ಯೋದ್ 10. ಒಟ್ಟು 18. ನೀವು 180 ಕೊಟ್ಟರೆ ಹುಡುಗನಿಗೆ ಹತ್ತು ಜೀವ ಕೊಟ್ಟ ಹಾಗೆ.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು 15. ಹತ್ತಕ್ಕೆ ಯೋದ್, ಐದಕ್ಕೆ ಹೇ. ನ್ಯಾಯವಾಗಿ 15 ಅಂದರೆ ಯೋದ್-ಹೇ ಬರೆಯಬೇಕು. ಆದರೆ ಆ ಎರಡು ಅಕ್ಷರ ಸೇರಿದರೆ ದೇವರ ಹೆಸರೇ ಆಗಿಬಿಡುತ್ತದೆ. ಹಲ್ಲೆಲೂಯಾ ಅನ್ನುವಾಗ ಕೊನೆಗೆ ಬರುವ 'ಯಾ' ಅದೇ. ಬಾಡಿಗೆ ಲೆಕ್ಕದಲ್ಲಿ, ಬಟ್ಟೆ ಅಳತೆಯಲ್ಲಿ ದೇವರ ಹೆಸರು ಗೀಚುವುದು ಬೇಡ ಅಂತ 15ನ್ನು 9 ಮತ್ತು 6 ಮಾಡಿ ತೇತ್-ವಾವ್ ಬರೆಯುತ್ತಾರೆ. 16ಕ್ಕೂ ಅದೇ ಉಪಾಯ, 9 ಮತ್ತು 7. ಶೆವಾತ್ ತಿಂಗಳ 15ರಂದು ಮರಗಳ ಹೊಸ ವರ್ಷ. ಹಬ್ಬದ ಹೆಸರೇ 'ತು ಬಿಶ್ವಾತ್'. ಆ 'ತು' ಬೇರೇನೂ ಅಲ್ಲ, ತೇತ್-ವಾವ್ ಸೇರಿಸಿ ಓದಿದ್ದು.

ಇನ್ನೊಂದು ತಮಾಷೆ. ಅವರ ಪಂಚಾಂಗದಲ್ಲಿ 5744ನೇ ವರ್ಷ ಬಂತು, ನಮಗೆ 1983-84. ವರ್ಷ ಬರೆಯುವಾಗ ಸಾವಿರ ಬಿಡುವುದು ರೂಢಿ. ಉಳಿದ 744ಕ್ಕೆ 400, 300, 40, 4ರ ಅಕ್ಷರ ಸಾಲಾಗಿ ಬರೆದರೆ ನಾಶ ಅನ್ನುವ ಅರ್ಥ ಹೊರಡುತ್ತದೆ. ಎಷ್ಟೋ ಜನ ಕೊನೆಯ ಎರಡನ್ನು ಅದಲುಬದಲು ಮಾಡಿ ಬರೆದರು. ಕೂಡಿದರೆ ಹೇಗೂ ಅಷ್ಟೇ ತಾನೆ.

ಒಗ್ಗರಣೆ

ಅಂದರೆ ನ್ಯೂಮರಾಲಜಿ. ಹೆಸರಿಗೆ ಇನ್ನೊಂದು 'ಎ' ಸೇರಿಸಿದರೆ ಸಿನಿಮಾ ಓಡುತ್ತದೆ ಅನ್ನುವ ಕೇಸು. ನಮ್ಮಲ್ಲಿರುವುದು ಸಾಲದು ಅಂತ ಅಲ್ಲಿಂದಲೂ ತರಬೇಕಾ? 151 ಕೊಟ್ಟು ಊಟ ಮಾಡಿ ಬನ್ನಿ ಸರ್.

ತಂಬೂರಿ

ಒಗ್ಗರಣೆಯವರೇ, ಸ್ವಲ್ಪ ಸಿಡಿಯುವುದು ನಿಲ್ಲಿಸಿ. ಅಕ್ಷರದಲ್ಲಿ ಅಂಕಿ ಇಡುವುದು ನಮಗೂ ಹೊಸದಲ್ಲ. ಕಟಪಯಾದಿ ಇಲ್ವಾ? ಮೇಳಕರ್ತ ರಾಗಗಳ ಹೆಸರು ಅದರ ಮೇಲೇ ನಿಂತಿದೆ. ಧೀರಶಂಕರಾಭರಣದಲ್ಲಿ 'ಧೀ' 9, 'ರ' 2. ತಿರುಗಿಸಿ ಓದಿದರೆ 29ನೇ ಮೇಳ. ಮೇಚಕಲ್ಯಾಣಿಯಲ್ಲಿ ಮ 5, ಚ 6, ಅದು 65.

ಮಂಡ್ಯದವರು ಜಾಸ್ತಿ ಕೊಡುತ್ತಿರುವುದೂ 29 ಡಾಲರ್! ಆ ಹುಡುಗನಿಗೆ ಶಂಕರಾಭರಣ ರಾಗವನ್ನೇ ಉಡುಗೊರೆ ಕೊಟ್ಟ ಹಾಗಾಯಿತು. ಮನೆಯವರಿಗೆ ಹಾಗೆ ಹೇಳಿ.

ಒಗ್ಗರಣೆ

ನೋಡಿದಿರಾ? ಎರಡು ನಿಮಿಷದಲ್ಲಿ 29ಕ್ಕೂ ಒಂದು ಅರ್ಥ ಹುಟ್ಟಿತು. ನಾನು ಹೇಳಿದ್ದೂ ಇದನ್ನೇ.

ಲೆಕ್ಕದ ಮೇಷ್ಟ್ರು

ಇಬ್ಬರೂ ಸರಿ. ಆದರೆ ಕಟಪಯಾದಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಟಪಯಾದಿ ಸ್ಥಾನಬೆಲೆಯ ಲೆಕ್ಕ. 'ಧೀರ'ವನ್ನು 'ರಧೀ' ಮಾಡಿದರೆ 29 ಹೋಗಿ 92 ಆಗುತ್ತದೆ. ಹೀಬ್ರೂದಲ್ಲಿ ಬರೀ ಕೂಡುವುದು. ಅಕ್ಷರ ಹೇಗೆ ಕಲಸಿದರೂ ಮೊತ್ತ ಅದೇ. ಹಾಗಾಗಿ ಒಂದೇ ಮೊತ್ತದ ಪದಗಳು ರಾಶಿ ರಾಶಿ ಸಿಗುತ್ತವೆ.

ಇನ್ನೊಂದು ವಿಷಯ. ಕಟಪಯಾದಿಯನ್ನು ನಾವು ಬೇರೆಯಾಗಿ ಕಲಿಯಬೇಕು. ಕನ್ನಡ ಓದುವವನಿಗೆ 'ಮರ' ಅಂದರೆ ಮರ ಮಾತ್ರ. ಆ ಕಾಲದ ಹೀಬ್ರೂ ಓದುಗನಿಗೆ ಹಾಗಲ್ಲ. ಅವನು ತಾರೀಖು ಬರೆಯುತ್ತಿದ್ದುದೂ, ಕುರಿ ಎಣಿಸಿ ಬರೆದಿಡುತ್ತಿದ್ದುದೂ ಅದೇ ಅಕ್ಷರದಲ್ಲಿ. ಪದ ಕಂಡರೆ ಅದರ ಹಿಂದೆ ಸಂಖ್ಯೆಯೂ ಕಂಡೇ ಕಾಣುತ್ತಿತ್ತು. ಪದಗಳ ಮೊತ್ತ ಹೋಲಿಸುವ ಈ ಆಟಕ್ಕೆ 'ಗೆಮಾಟ್ರಿಯಾ' ಅನ್ನುತ್ತಾರೆ. ಹೆಸರು ಗ್ರೀಕಿನಿಂದ ಬಂದದ್ದು.

ತಾಲ್ಮುದ್‌ನಲ್ಲಿ ಇರುವ ಒಂದು ಉದಾಹರಣೆ ಕೊಡುತ್ತೇನೆ. ತಾಲ್ಮುದ್ ಅಂದರೆ ರಬ್ಬಿಗಳ, ಅಂದರೆ ಅವರ ಧರ್ಮಗುರುಗಳ, ಚರ್ಚೆಗಳ ದೊಡ್ಡ ಸಂಗ್ರಹ. ದ್ರಾಕ್ಷಾರಸಕ್ಕೆ 'ಯಾಯಿನ್', 10+10+50, ಒಟ್ಟು 70. ಗುಟ್ಟಿಗೆ 'ಸೋದ್', 60+6+4, ಅದೂ 70. ಅದಕ್ಕೇ ಗಾದೆ: ಯಾಯಿನ್ ಒಳಗೆ ಹೋಯಿತು, ಸೋದ್ ಹೊರಗೆ ಬಂತು. ಇದರಲ್ಲಿ ಭವಿಷ್ಯ ಇಲ್ಲ, ಗ್ರಹ ಇಲ್ಲ. ಕುಡಿದವನ ಬಾಯಲ್ಲಿ ಗುಟ್ಟು ನಿಲ್ಲಲ್ಲ ಅನ್ನುವ ಮಾತಿಗೆ ಲೆಕ್ಕದ ಒಂದು ಚಿಟಿಕೆ ಉಪ್ಪು.

ಹಾಗೇ 'ಎಖಾದ್' ಅಂದರೆ ಒಂದು, 1+8+4, ಅಂದರೆ 13. 'ಅಹವಾ' ಅಂದರೆ ಪ್ರೀತಿ, 1+5+2+5, ಅದೂ 13. ಎರಡೂ ಸೇರಿದರೆ 26. ದೇವರ ನಾಲ್ಕಕ್ಷರದ ಹೆಸರಿನ ಮೊತ್ತ 10+5+6+5, ಅದೂ 26.

ಶಿರ್ವದ ಹುಡುಗ

ಈ ಚರ್ಚೆ ನೋಡಿ ಬರೆಯದೇ ಇರಲು ಆಗಲಿಲ್ಲ. ಊರು ಉಡುಪಿ ಕಡೆ ಶಿರ್ವ. ಒಂಬತ್ತು ವರ್ಷದಿಂದ ಜೆರುಸಲೇಮಿನಲ್ಲಿ ಕೇರ್‌ಗಿವರ್ ಕೆಲಸ. ನಮ್ಮ ಕರಾವಳಿಯವರು ಇಲ್ಲಿ ತುಂಬ ಜನ ಇದ್ದೇವೆ. ನಾನು ನೋಡಿಕೊಳ್ಳುವುದು ಒಬ್ಬ ಅಜ್ಜನನ್ನು. ಪಕ್ಕಾ ಆಚಾರದವರು. ಈಗೀಗ ಮರೆವು ಜಾಸ್ತಿ.

ನೀವು ಅಕ್ಷರದ ಮೊತ್ತ ಹೇಳುತ್ತಿದ್ದೀರಿ. ನಾನು ಇಲ್ಲಿ ಕಂಡದ್ದು ಬೇರೆ. ಈ ಮನೆಯಲ್ಲಿ ಸಂಖ್ಯೆ ಅಂದರೆ ದಿನ ಕಳೆಯುವ ರೀತಿ.

ಮೊದಲು ವಾರವನ್ನೇ ನೋಡಿ. ನಮಗೆ ಭಾನು, ಸೋಮ, ಮಂಗಳ ಅಂತ ಗ್ರಹದ ಹೆಸರು. ಇವರಿಗೆ ಯೋಮ್ ರಿಶೋನ್, ಯೋಮ್ ಶೇನಿ, ಯೋಮ್ ಶ್ಲೀಶಿ. ಮೊದಲನೇ ದಿನ, ಎರಡನೇ ದಿನ, ಮೂರನೇ ದಿನ. ಆರು ದಿನಕ್ಕೂ ಬರೀ ನಂಬರು. ಏಳನೆಯದಕ್ಕೆ ಮಾತ್ರ ಹೆಸರು, ಶಬ್ಬಾತ್. ಬಂದ ಹೊಸದರಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಚೀಟಿ ನೋಡಿ 'ಎರಡನೇ ದಿನ' ಅಂದರೆ ಮಂಗಳವಾರ ಅಂದುಕೊಂಡು ಅಜ್ಜನನ್ನು ಒಂದು ದಿನ ತಡವಾಗಿ ಕರೆದುಕೊಂಡು ಹೋಗಿದ್ದೆ. ಇವರ ಎಣಿಕೆ ಭಾನುವಾರದಿಂದ ಶುರು.

ಏಳರ ಸುತ್ತ ಎಲ್ಲವೂ ಕಟ್ಟಿದೆ. ಏಳನೇ ದಿನ ಕೆಲಸ ಇಲ್ಲ. ಏಳನೇ ವರ್ಷ ಹೊಲಕ್ಕೆ ಬಿಡುವು, ಬಿತ್ತನೆ ಇಲ್ಲ. ಏಳು ಏಳಲಿ ನಲವತ್ತೊಂಬತ್ತು ಕಳೆದರೆ ಐವತ್ತನೇ ವರ್ಷ ಜೂಬಿಲಿ, ಜೀತದಾಳಿಗೆ ಬಿಡುಗಡೆ, ಮಾರಿದ ಹೊಲ ಹಳೆ ಒಡೆಯನಿಗೆ ವಾಪಸ್ ಅಂತ ಧರ್ಮಶಾಸ್ತ್ರದಲ್ಲಿ ಇದೆ. ಮದುವೆಯಲ್ಲಿ ಏಳು ಆಶೀರ್ವಾದ. ಎಷ್ಟೋ ಮನೆಗಳಲ್ಲಿ ಮದುಮಗಳು ಗಂಡನ ಸುತ್ತ ಏಳು ಸುತ್ತು ಬರುತ್ತಾಳೆ. ಸತ್ತವರ ಮನೆಯಲ್ಲಿ ಏಳು ದಿನ ನೆಲದ ಹತ್ತಿರ ಕೂರುತ್ತಾರೆ, ಅದಕ್ಕೆ 'ಶಿವಾ' ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮ ಶಿವನೇ ಇಲ್ಲಿಗೂ ಬಂದನಾ ಅಂದುಕೊಂಡೆ. ಬರೀ 'ಏಳು' ಅಂತ ಅರ್ಥ.

ಆಣೆಗೂ ಏಳಕ್ಕೂ ಇಲ್ಲಿ ಒಂದೇ ಬೇರು. 'ಶೆವಾ' ಏಳು, 'ಶಾವುಆ' ವಾರ, 'ಶೆವುಆ' ಆಣೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಯೆಹೂದಿಗಳ ಮೂಲಪುರುಷ ಅಬ್ರಹಾಮ ಒಂದು ಬಾವಿಗಾಗಿ ಏಳು ಹೆಣ್ಣು ಕುರಿಮರಿ ಬೇರೆ ನಿಲ್ಲಿಸಿ ಆಣೆ ಮಾಡುತ್ತಾನೆ. ಆ ಜಾಗಕ್ಕೆ ಬೇರ್ಷೆಬ ಅಂತ ಹೆಸರು. ಏಳರ ಬಾವಿ ಅನ್ನಿ, ಆಣೆಯ ಬಾವಿ ಅನ್ನಿ, ಎರಡೂ ಸರಿ. ಈಗ ಅದೊಂದು ದೊಡ್ಡ ಪಟ್ಟಣ. ಅಲ್ಲಿಗೆ ರೈಲು ಹೋಗುತ್ತದೆ.

ಮಂಡ್ಯದವರಿಗೆ ಒಂದು ಮಾತು. ಶನಿವಾರ ಸಿನಗಾಗ್‌ನಲ್ಲಿ (ಅವರ ಪ್ರಾರ್ಥನಾ ಮಂದಿರ) ಲಕೋಟೆ ಕೊಡಬೇಡಿ. ಆಚಾರದ ಮನೆಯವರಾದರೆ ಶಬ್ಬಾತ್ ದಿನ ದುಡ್ಡು ಮುಟ್ಟುವುದಿಲ್ಲ. ಮೊದಲೇ ಕಳಿಸಿ, ಇಲ್ಲ ಭಾನುವಾರದ ಪಾರ್ಟಿಯಲ್ಲಿ ಕೊಡಿ.

ಮಂಡ್ಯದ ಮಳೆ

ಶಿರ್ವದವರೇ, ಬಚಾವ್ ಮಾಡಿದಿರಿ. ಶನಿವಾರ ಬೆಳಿಗ್ಗೆ ಹುಡುಗನ ಕೈಯಲ್ಲೇ ಇಡೋಣ ಅಂದುಕೊಂಡಿದ್ದೆ.

ಒಂದು ಡೌಟು. 13 ಅಪಶಕುನ ಅಲ್ವಾ? ಇಲ್ಲಿ ಕೆಲವು ಕಟ್ಟಡಗಳಲ್ಲಿ 13ನೇ ಮಹಡಿಯೇ ಇಲ್ಲ. ಇವರು 13ಕ್ಕೆ ಹಬ್ಬ ಮಾಡುತ್ತಾರಲ್ಲ. ಸೈತಾನನ ನಂಬರು ಅನ್ನುತ್ತಾರಲ್ಲ, ಆ 666 ಕೂಡ ಇವರದೇನಾ?

ಶಿರ್ವದ ಹುಡುಗ

13ರ ಭಯ ಇವರದಲ್ಲ. ವಿಮೋಚನಕಾಂಡದಲ್ಲಿ ದೇವರ ಕರುಣೆಯ 13 ಗುಣ ಇದೆ ಅಂತ ಎಣಿಸುತ್ತಾರೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬದ ರಾತ್ರಿ ಊಟ ಮುಗಿದ ಮೇಲೆ ಮಕ್ಕಳು ಒಂದು ಎಣಿಕೆ ಹಾಡು ಹೇಳುತ್ತಾರೆ. ಒಂದು ಯಾರಿಗೆ ಗೊತ್ತು? ಒಬ್ಬನೇ ದೇವರು. ಎರಡು ಯಾರಿಗೆ ಗೊತ್ತು? ಎರಡು ಕಲ್ಲಿನ ಹಲಗೆ. ಮೂರು ಪಿತೃಗಳು, ನಾಲ್ಕು ಮಾತೆಯರು, ಐದು ಪುಸ್ತಕ, ಒಂಬತ್ತು ಅಂದರೆ ಬಸುರಿಯ ತಿಂಗಳು. ಹೀಗೆ ಹದಿಮೂರಕ್ಕೆ ಹೋಗಿ ಪ್ರತಿ ಸಲ ಒಂದಕ್ಕೆ ವಾಪಸ್ ಬರಬೇಕು. ಒಂದೇ ಉಸಿರಿನಲ್ಲಿ. ನಮ್ಮ ಅಜ್ಜನಿಗೆ ಮಗಳ ಹೆಸರು ಕೆಲವು ದಿನ ನೆನಪಾಗಲ್ಲ. ಈ ಹಾಡು ಹದಿಮೂರರವರೆಗೂ ತಪ್ಪಿಲ್ಲದೆ ಹೇಳಿದರು.

666 ಕ್ರೈಸ್ತರ ಪ್ರಕಟನೆ ಗ್ರಂಥದ್ದು, ನಮ್ಮದು. ಆದರೆ ಲೆಕ್ಕದ ವಿದ್ಯೆ ಮಾತ್ರ ಇವರದೇ ಇರಬೇಕು. 'ನೆರೋನ್ ಕೆಸರ್' ಅಂತ ಹೀಬ್ರೂದಲ್ಲಿ ಬರೆದು ಕೂಡಿದರೆ 666 ಬರುತ್ತದೆ. ರೋಮಿನ ನೀರೋ ಚಕ್ರವರ್ತಿ. ಬಾಯಿ ಬಿಟ್ಟು ಹೆಸರು ಹೇಳಿದರೆ ತಲೆ ಹೋಗುವ ಕಾಲ, ಅದಕ್ಕೆ ನಂಬರಿನಲ್ಲಿ ಬೈದರು ಅಂತ ಎಷ್ಟೋ ಪಂಡಿತರ ಅಭಿಪ್ರಾಯ.

ನಮ್ಮಲ್ಲಿ ಈಸ್ಟರಿಗೆ ಮೊದಲು 40 ದಿನದ ಕರೆಜ್ಮಾ ಉಪವಾಸ ಇದೆ. ಚಿಕ್ಕವನಿದ್ದಾಗ 40 ನಮ್ಮದೇ ನಂಬರ್ ಅಂದುಕೊಂಡಿದ್ದೆ. ಅದರ ಬೇರು ಇಲ್ಲಿದೆ. ನೋಹನ ಕಾಲದ ಮಳೆ 40 ಹಗಲು 40 ರಾತ್ರಿ. ದೇವರ ಕಟ್ಟಳೆ ತಂದುಕೊಟ್ಟ ಮೋಶೆ ಬೆಟ್ಟದ ಮೇಲೆ 40 ದಿನ. ಮರುಭೂಮಿಯಲ್ಲಿ ಅಲೆದದ್ದು 40 ವರ್ಷ. ಮೈಲಿಗೆ ಕಳೆಯುವ ಮಿಕ್ವೆ ಕೊಳದಲ್ಲಿ ನೀರು 40 ಸೆಆ ಅಳತೆಗೆ ಕಮ್ಮಿ ಇರಬಾರದು. ಎಲ್ಲ ಕಡೆಯೂ ಹಳೆಯದು ತೊಳೆದು ಹೋಗಿ ಹೊಸದಾಗಲು ಬೇಕಾದಷ್ಟು ಅವಧಿ, ಬೇಕಾದಷ್ಟು ನೀರು. ಬಾಣಂತಿಗೆ ನಲವತ್ತು ದಿನ ಅನ್ನುತ್ತೇವಲ್ಲ, ಆ ನಮೂನೆ ಅಂತ ನನಗೆ ಅನಿಸುತ್ತದೆ. ಸರಿಯೋ ತಪ್ಪೋ, ನನ್ನ ಲೆಕ್ಕ ಅದು.

ಶಬ್ಬಾತ್ ದಿನ ಮಾಡಬಾರದ ಕೆಲಸ 39. ಆದರೆ ಮಿಶ್ನಾ ಅನ್ನುವ ಹಳೇ ಕಟ್ಟಳೆ ಗ್ರಂಥದಲ್ಲಿ 39 ಅಂತ ಹೇಳುವುದಿಲ್ಲ, 'ಒಂದು ಕಮ್ಮಿ ನಲವತ್ತು' ಅನ್ನುತ್ತದೆ. ಉಳುವುದು, ಬಿತ್ತುವುದು, ಎರಡು ಅಕ್ಷರ ಬರೆಯುವುದು, ಬರೆಯಲಿಕ್ಕಾಗಿ ಎರಡು ಅಕ್ಷರ ಅಳಿಸುವುದು, ಹೀಗೆ ಪಟ್ಟಿ. ಇಲ್ಲಿ ಶುಕ್ರವಾರ ಸೂರ್ಯ ಮುಳುಗಲು 40 ನಿಮಿಷ ಇರುವಾಗ ಊರಿಗೆಲ್ಲ ಕೇಳುವ ಹಾಗೆ ಸೈರನ್ ಕೂಗುತ್ತದೆ, ದೀಪ ಹಚ್ಚಲು. ಬೇರೆ ಊರುಗಳಲ್ಲಿ ಸಾಮಾನ್ಯವಾಗಿ 18 ನಿಮಿಷ ಮೊದಲು. ಪಸ್ಕದ ಹುಳಿ ಇಲ್ಲದ ರೊಟ್ಟಿ ಇದೆಯಲ್ಲ, ಮಾತ್ಸಾ, ಹಿಟ್ಟಿಗೆ ನೀರು ಬಿದ್ದು ಒಲೆಯಲ್ಲಿ ಬೇಯುವುದಕ್ಕೂ 18 ನಿಮಿಷ ಮೀರಬಾರದು. ಇದು ಜೀವದ 18 ಅಲ್ಲ, ಹಿಟ್ಟು ಹುಳಿ ಬರುವ ಹೊತ್ತಿನ 18. ಎಲ್ಲ ಹದಿನೆಂಟೂ ಒಂದೇ ಅಲ್ಲ ಅಂತ ಅಜ್ಜನೇ ಒಮ್ಮೆ ನನಗೆ ಬೈದಿದ್ದರು.

ಬೋರಿವಲಿ ಭಟ್ಟ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮುಂಬೈ, ಕೊಂಕಣ ಕಡೆಯ ಬೆನೆ ಇಸ್ರೇಲ್ ಯೆಹೂದಿಗಳು ಹಿಂದೆ ಹಳ್ಳಿಗಳಲ್ಲಿ ಗಾಣದ ಕೆಲಸ ಮಾಡುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣ ಜನ ಅವರನ್ನು 'ಶನಿವಾರ್ ತೇಲಿ' ಅನ್ನುತ್ತಿದ್ದರು. ಶನಿವಾರದ ಗಾಣಿಗರು. ಏಳನೇ ದಿನ ಅವರ ಜಾತಿ ಹೆಸರೇ ಆಯಿತು. ಅಷ್ಟೇ. ಮುಂದುವರಿಸಿ.

ಒಗ್ಗರಣೆ

ನಾನೂ ಸುಮ್ನೆ ಕೂತಿರಲಿಲ್ಲ. ಮೂರು ದಿನ ಓದಿ ಬಂದಿದ್ದೇನೆ, ಈಗ ಕೇಳಿ.

ಆದಿಕಾಂಡ 14ರಲ್ಲಿ ಅಬ್ರಹಾಮ ತನ್ನ ಮನೆಯಲ್ಲೇ ಹುಟ್ಟಿ ಬೆಳೆದ 318 ಆಳುಗಳನ್ನು ಕರೆದುಕೊಂಡು ಸೆರೆಸಿಕ್ಕ ಸೋದರನ ಮಗ ಲೋಟನನ್ನು ಬಿಡಿಸಲು ಯುದ್ಧಕ್ಕೆ ಹೋಗುತ್ತಾನೆ. ಅಷ್ಟು ಸರಿಯಾಗಿ 318 ಯಾಕೆ ಅಂತ ಹಳಬರಿಗೆ ತಲೆಬಿಸಿ. ಅಬ್ರಹಾಮನ ಹಿರಿಯ ಸೇವಕ ಎಲೀಯೆಜರ. ಅವನ ಹೆಸರು ಕೂಡಿ: 1+30+10+70+7+200. ಸರಿಯಾಗಿ 318! ಹಾಗಾದರೆ ಹೋದವನು ಎಲೀಯೆಜರ ಒಬ್ಬನೇ ಅಂದುಬಿಟ್ಟರು.

ಒಪ್ಪುತ್ತೇನೆ, ಓದಿದಾಗ ಮೈ ಜುಂ ಅಂದಿತು. ಆದರೆ ಆ ಸಾಲಿನ ಮೇಲೆ 12ನೇ ಶತಮಾನದ ಸ್ಪೇನಿನ ಅಬ್ರಹಾಂ ಇಬ್ನ್ ಎಜ್ರಾ ಅನ್ನುವ ವ್ಯಾಖ್ಯಾನಕಾರ ಏನು ಬರೆದಿದ್ದಾನೆ ಗೊತ್ತಾ? ಧರ್ಮಗ್ರಂಥ ಗೆಮಾಟ್ರಿಯಾದಲ್ಲಿ ಮಾತಾಡುವುದಿಲ್ಲ, ಹಾಗೆ ಹೊರಟರೆ ಯಾರು ಬೇಕಾದರೂ ಯಾವ ಹೆಸರನ್ನಾದರೂ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ತಿರುಗಿಸಬಹುದು ಅಂತ. ಎಂಟುನೂರು ವರ್ಷಕ್ಕೂ ಹಿಂದೆ ಅವರ ಮನೆಯವನೇ ಹೇಳಿದ್ದಾನೆ. ನಾನು ಶಂಕರಾಭರಣ ನೋಡಿ ಹೇಳಿದೆ, ಅವನು ಎಲೀಯೆಜರನ್ನು ನೋಡಿ ಹೇಳಿದ.

ಇನ್ನೂ ಇದೆ. 1994ರಲ್ಲಿ ಒಂದು ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಲೇಖನ ಬಂತು. ಆದಿಕಾಂಡದಲ್ಲಿ ಸಮ ಅಂತರದಲ್ಲಿ ಅಕ್ಷರ ಹೆಕ್ಕಿದರೆ ಎಷ್ಟೋ ನೂರು ವರ್ಷ ಆಮೇಲೆ ಹುಟ್ಟಿದ ರಬ್ಬಿಗಳ ಹೆಸರು, ತಾರೀಖು ಸಿಗುತ್ತದೆ ಅಂತ. ದೊಡ್ಡ ಗಲಾಟೆ ಆಯಿತು. 1999ರಲ್ಲಿ ಅದೇ ಪತ್ರಿಕೆಯಲ್ಲಿ ಬೇರೆ ಗಣಿತಜ್ಞರು, ಅವರಲ್ಲಿ ಇಸ್ರೇಲಿನವರೂ ಇದ್ದರು, ಅದನ್ನು ಬಿಚ್ಚಿಟ್ಟರು. ಹೆಸರು ಹೇಗೆ ಬರೆಯಬೇಕು ಅಂತ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದರೆ ಬೇರೆ ಪುಸ್ತಕದಲ್ಲೂ ಅಂಥದ್ದೇ ಫಲಿತಾಂಶ ಬರಿಸಬಹುದು ಅಂತ ಮಾಡಿ ತೋರಿಸಿದರು.

ಲೆಕ್ಕದ ಮೇಷ್ಟ್ರು

ಭಲೇ! ನೀವು ಇಬ್ನ್ ಎಜ್ರಾನನ್ನು ತಂದದ್ದು ನನಗೆ ಹಬ್ಬ ಆಯಿತು. ಅವನ ಇನ್ನೊಂದು ಮುಖ ಹೇಳದೇ ಬಿಡಲ್ಲ.

ಈತ ಗಣಿತಜ್ಞನೂ ಹೌದು. ಸಂಖ್ಯೆಗಳ ಬಗ್ಗೆ ಹೀಬ್ರೂದಲ್ಲಿ ಒಂದು ಪುಸ್ತಕ ಬರೆದ. ಅದರಲ್ಲಿ ಮಾಡಿದ್ದು ಏನು ಅಂದರೆ, 22 ಅಕ್ಷರಗಳಲ್ಲಿ ಮೊದಲ ಒಂಬತ್ತನ್ನು ಮಾತ್ರ 1ರಿಂದ 9ಕ್ಕೆ ಇಟ್ಟುಕೊಂಡ. ಸೊನ್ನೆಗೆ ಒಂದು ಸಣ್ಣ ವೃತ್ತ. ಅದಕ್ಕೆ 'ಗಲ್ಗಲ್' ಅಂತ ಹೆಸರು, ಚಕ್ರ. ಬಿಡಿ, ಹತ್ತು, ನೂರು ಸ್ಥಾನದಿಂದ ಗೊತ್ತಾಗುತ್ತದೆ. ಅಂದರೆ ಭಾರತದ ದಶಮಾನ ಪದ್ಧತಿ, ಹೀಬ್ರೂ ಅಕ್ಷರದ ಅಂಗಿ ಹಾಕಿಕೊಂಡು. ಅರಬ್ಬರ ಮೂಲಕ ಅವನ ಕೈಗೆ ಬಂದದ್ದು.

ಆದರೂ ಊರು ಬದಲಾಗಲಿಲ್ಲ. ತಾರೀಖು, ಅಧ್ಯಾಯ, ಗೋರಿಕಲ್ಲು, ಎಲ್ಲ ಕಡೆಯೂ ಕೂಡುವ ಹಳೇ ಪದ್ಧತಿಯೇ ಉಳಿಯಿತು. ತಾಲ್ಮುದ್‌ನ ಪುಟಗಳಿಗೂ ಅದೇ ಅಕ್ಷರ. ಅದರ ಪ್ರತಿ ಸಂಪುಟವೂ ಬೇತ್, ಅಂದರೆ ಎರಡನೇ ಹಾಳೆಯಿಂದಲೇ ಶುರು. ಮೊದಲ ಹಾಳೆ ಶೀರ್ಷಿಕೆಗೆ ಹೋಯಿತು ಅನ್ನುವುದು ಸರಳ ಉತ್ತರ. ಎಷ್ಟು ಓದಿದರೂ ಮೊದಲ ಪುಟ ಇನ್ನೂ ಓದಿಲ್ಲ ಅಂತ ನೆನಪಿರಲಿ ಅನ್ನುವುದು ರಬ್ಬಿಗಳ ಉತ್ತರ. ನನಗೆ ಎರಡೂ ಬೇಕು.

ಒಗ್ಗರಣೆಯವರಿಗೆ ಇನ್ನೊಂದು ಖುಷಿ ವಿಷಯ. ಮಿಶ್ನಾದಲ್ಲೇ ಒಬ್ಬ ರಬ್ಬಿ ಹೇಳುತ್ತಾನೆ: ಕಟ್ಟಳೆಗಳು ಊಟ, ಗೆಮಾಟ್ರಿಯಾ ಅನ್ನುವುದು ಜ್ಞಾನಕ್ಕೆ ನಂಜಿಕೊಳ್ಳುವಂಥದ್ದು. ಉಪ್ಪಿನಕಾಯಿ ಅಂದುಕೊಳ್ಳಿ. ಉಪ್ಪಿನಕಾಯಿಯಿಂದ ಯಾರೂ ಹೊಟ್ಟೆ ತುಂಬಿಸಿಕೊಳ್ಳಲ್ಲ.

ಕಟ್ಟಳೆಗಳು ಎಷ್ಟು? 613. ತಾಲ್ಮುದ್‌ನಲ್ಲಿ ರಬ್ಬಿ ಸಿಮ್ಲಾಯ್ ಲೆಕ್ಕ ಕೊಡುತ್ತಾನೆ. ಮಾಡಬೇಡ ಅನ್ನುವುದು 365, ವರ್ಷದ ದಿನಗಳಷ್ಟು. ಮಾಡು ಅನ್ನುವುದು 248, ಮನುಷ್ಯನ ಅಂಗಗಳಷ್ಟು ಅಂತ ಅವರ ಎಣಿಕೆ. ಈ ಕಟ್ಟಳೆಗಳಿರುವ ಧರ್ಮಗ್ರಂಥ 'ತೋರಾ'. ಆ ಪದ ಕೂಡಿದರೆ 400+6+200+5, 611 ಮಾತ್ರ. ಎರಡು ಕಮ್ಮಿ. ಹತ್ತು ಆಜ್ಞೆಗಳಲ್ಲಿ ಮೊದಲ ಎರಡನ್ನು ಜನ ದೇವರ ಬಾಯಿಂದಲೇ ಕೇಳಿದರು, ಉಳಿದ 611 ಮೋಶೆ ತಂದದ್ದು ಅಂತ ಸರಿಹೊಂದಿಸಿದರು. ಪರೀಕ್ಷೆಯಲ್ಲಿ ಉತ್ತರ ಮೊದಲೇ ಗೊತ್ತಿದ್ದು ಹಂತಗಳನ್ನು ಬರೆಯುವ ಹುಡುಗರು ನನ್ನ ಕ್ಲಾಸಿನಲ್ಲೂ ಇದ್ದರು. ಅಂಕ ಕೊಡುತ್ತಿದ್ದೆ.

ತಂಬೂರಿ

ಮೇಷ್ಟ್ರೇ, ನಮ್ಮ ಹಾಗೆ ಬೆಸ ಒಳ್ಳೆಯದು, ಸಮ ಕೆಟ್ಟದು ಅನ್ನುವುದು ಅವರಲ್ಲಿ ಇದೆಯಾ? 151ರ ಆ ಒಂದು?

ಲೆಕ್ಕದ ಮೇಷ್ಟ್ರು

ಇತ್ತು! ಬಾಬಿಲೋನಿನ ತಾಲ್ಮುದ್‌ನಲ್ಲಿ ಜೋಡಿಗಳ ಬಗ್ಗೆ ಒಂದು ದೊಡ್ಡ ಚರ್ಚೆಯೇ ಇದೆ. ಜೋಡಿ ಲೆಕ್ಕದಲ್ಲಿ ತಿಂದರೆ, ಕುಡಿದರೆ ದೆವ್ವದ ಕಾಟ ಅನ್ನುವ ನಂಬಿಕೆ. ಆಗ ಪ್ರಶ್ನೆ ಎದ್ದಿತು: ಪಸ್ಕದ ರಾತ್ರಿ ನಾಲ್ಕು ಲೋಟ ದ್ರಾಕ್ಷಾರಸ ಕುಡಿಯಲೇಬೇಕು ಅಂತ ಕಟ್ಟಳೆ. ನಾಲ್ಕು ಜೋಡಿ ಲೆಕ್ಕ ಅಲ್ವಾ? ಆ ರಾತ್ರಿ ದೇವರೇ ಕಾವಲಿದ್ದಾನೆ, ಪರವಾಗಿಲ್ಲ ಅಂತ ಒಬ್ಬರು. ಬೇರೆಯವರು ಬೇರೆ ಉತ್ತರ.

ಅಲ್ಲೇ ಮುಂದೆ ಒಂದು ಮಾತು ಬರುತ್ತದೆ. ಯಾರು ಇದನ್ನು ತಲೆಗೆ ಹಚ್ಚಿಕೊಳ್ಳುತ್ತಾರೋ ಅವರನ್ನು ದೆವ್ವಗಳೂ ತಲೆಗೆ ಹಚ್ಚಿಕೊಳ್ಳುತ್ತವೆ. ಯಾರು ಹಚ್ಚಿಕೊಳ್ಳಲ್ಲವೋ ಅವರ ತಂಟೆಗೆ ಬರಲ್ಲ.

ಒಗ್ಗರಣೆ

ಆ ಮಾತಿಗೆ ಫ್ರೇಮ್ ಹಾಕಿಸುತ್ತೇನೆ.

ಮಂಡ್ಯದ ಮಳೆ

ಶನಿವಾರ ಸಿನಗಾಗ್‌ಗೆ ಹೋಗಿ ಬಂದೆ. ಭಾನುವಾರ ಪಾರ್ಟಿಯೂ ಮುಗಿಯಿತು. ವರದಿ ಒಪ್ಪಿಸುತ್ತೇನೆ.

ಹುಡುಗ ಸುರುಳಿಯಿಂದ ಓದಿದ. ಬೆಳ್ಳಿಯ ಒಂದು ಕಡ್ಡಿ, ತುದಿಯಲ್ಲಿ ಪುಟ್ಟ ಕೈ, ಅದರಿಂದ ಸಾಲು ತೋರಿಸುತ್ತಾ. ಓದಿ ಮುಗಿದ ಕೂಡಲೇ ಎಲ್ಲರೂ ಅವನ ಮೇಲೆ ಚಾಕಲೇಟ್ ಎಸೆದರು. ನಮ್ಮ ಅಕ್ಷತೆ ಹಾಗೇ, ಆದರೆ ಇದು ತಲೆಗೆ ಬಿದ್ದರೆ ನೋಯುತ್ತದೆ.

ಅವನು ಹೊದ್ದ ಬಿಳಿ ಶಾಲಿನ ಮೂಲೆಯಲ್ಲಿ ದಾರದ ಕುಚ್ಚು ಇತ್ತು. ಎಂಟು ಎಳೆ, ಐದು ಗಂಟು. ಗಂಟು ಗಂಟಿನ ನಡುವೆ ದಾರ ಸುತ್ತಿದ್ದಾರೆ. ಪಕ್ಕದಲ್ಲಿ ಕೂತ ಗೆಳೆಯನ ಅಪ್ಪ ತಮ್ಮ ಶಾಲಿನ ಕುಚ್ಚು ನನ್ನ ಕೈಗೆ ಕೊಟ್ಟು ಎಣಿಸು ಅಂದರು. 7, 8, 11, 13. ಕೂಡಿದರೆ 39. 'ದೇವರು ಒಬ್ಬನೇ' ಅನ್ನುವುದರ ಮೊತ್ತ ಅಂತೆ. ಮೇಷ್ಟ್ರು ಹೇಳಿದ 26 ಮತ್ತು 13 ತಟ್ಟನೆ ಹೊಳೆಯಿತು. ನಾನೇ ಕೂಡಿ ಹೇಳಿದೆ. ಅವರಿಗೆ ಎಷ್ಟು ಖುಷಿ ಆಯಿತು ಅಂದರೆ, ಆಮೇಲೆ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳಿದರು. ಈ ಕುಚ್ಚಿಗೆ 'ತ್ಸಿತ್ಸಿತ್' ಅಂತ ಹೆಸರು, ಮೊತ್ತ 600, ಜೊತೆಗೆ ಎಂಟು ಎಳೆ, ಐದು ಗಂಟು, ಒಟ್ಟು 613 ಅಂತ ಅವರೇ ಸೇರಿಸಿದರು.

ಭಾನುವಾರ ಲಕೋಟೆ ಕೊಟ್ಟೆ. ಗೆಳೆಯ ಒಳಗೆ ನೋಡಲಿಲ್ಲ. ಅವನ ಅಪ್ಪ ನೋಡಿದರು. "ಹತ್ತು ಖಾಯ್!" ಅಂತ ಬೆನ್ನು ತಟ್ಟಿದರು.

ಒಂದು ಅರ್ಥ ಆಗಲಿಲ್ಲ. ಸಂಜೆ ಪ್ರಾರ್ಥನೆಗೆ ಮೊದಲು ಒಬ್ಬ ಹಿರಿಯರು ಗಂಡಸರ ಕಡೆ ಬೆರಳು ತೋರಿಸುತ್ತಾ ಏನೋ ಮಂತ್ರದ ಹಾಗೆ ಹೇಳುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪದ.

ಶಿರ್ವದ ಹುಡುಗ

ಅವರು ಎಣಿಸುತ್ತಿದ್ದರು! ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಬೇಕು, ಅದಕ್ಕೆ ಮಿನ್ಯಾನ್ ಅನ್ನುತ್ತಾರೆ. ಆಚಾರದವರಲ್ಲಿ ಗಂಡಸರು ಮಾತ್ರ ಲೆಕ್ಕಕ್ಕೆ, ಬೇರೆ ಪಂಗಡಗಳಲ್ಲಿ ಹೆಂಗಸರೂ ಸೇರುತ್ತಾರೆ. ಹತ್ತು ಯಾಕೆ ಅಂದರೆ, ಮೋಶೆ ಕಾನಾನ್ ದೇಶ ನೋಡಿ ಬರಲು 12 ಗೂಢಚಾರರನ್ನು ಕಳಿಸಿದ. ಹತ್ತು ಜನ ಹೆದರಿ ಕೆಟ್ಟ ಸುದ್ದಿ ತಂದರು. ದೇವರು ಅವರನ್ನು 'ಕೆಟ್ಟ ಸಭೆ' ಅಂದ. ಹತ್ತು ಜನ ಕೆಟ್ಟವರನ್ನು ಸಭೆ ಅಂದಿದ್ದರೆ ಹತ್ತು ಜನ ಸೇರಿದರೆ ಸಭೆ ಆಯಿತು ಅಂತ ತೀರ್ಮಾನ. 'ಹತ್ತು ಜನರ ಮುಂದೆ' ಅನ್ನುತ್ತೇವಲ್ಲ ನಾವು, ಹಾಗೆ.

ಆದರೆ ಮನುಷ್ಯರನ್ನು ಒಂದು, ಎರಡು ಅಂತ ಎಣಿಸಬಾರದು. ದಾವೀದ ರಾಜ ಜನಗಣತಿ ಮಾಡಿಸಿದಾಗ ವ್ಯಾಧಿ ಬಂದು 70,000 ಜನ ಸತ್ತರು ಅಂತ ಬೈಬಲ್‌ನಲ್ಲಿದೆ. ನಮ್ಮ ಅಜ್ಜಿಯೂ ಮಕ್ಕಳ ತಲೆ ಎಣಿಸಲು ಬಿಡುತ್ತಿರಲಿಲ್ಲ. ಅದಕ್ಕೇ ಕೀರ್ತನೆ 28ರ ಕೊನೆಯ ವಚನ ಹೇಳುತ್ತಾರೆ, 'ನಿನ್ನ ಜನರನ್ನು ರಕ್ಷಿಸು' ಅಂತ ಶುರುವಾಗುತ್ತದೆ. ಹೀಬ್ರೂದಲ್ಲಿ ಸರಿಯಾಗಿ ಹತ್ತು ಪದ. ವಚನ ಪೂರ್ತಿ ಆದರೆ ಜನ ಪೂರ್ತಿ.

ನಾನೊಮ್ಮೆ ಬ್ರೆಡ್ ತರಲು ಹೊರಟಿದ್ದೆ. ಸಿನಗಾಗ್ ಬಾಗಿಲಲ್ಲಿ ಒಬ್ಬರು "ಅಸಿರಿ! ಅಸಿರಿ!" ಅಂತ ಕೂಗುತ್ತಾ ನನ್ನ ತೋಳು ಹಿಡಿದರು. ಹತ್ತನೆಯವನು ಬೇಕು ಅಂತ. ನಾನು ಕ್ರಿಸ್ತಿಯನ್, ಇಂಡಿಯಾದವನು ಅಂದೆ. ಕೈ ಬಿಟ್ಟು, ನಿಟ್ಟುಸಿರು ಬಿಟ್ಟು, ನನ್ನ ಬ್ರೆಡ್ ಚೀಲ ನೋಡಿ "ಅಂಗಡಿಯಲ್ಲಿ ಯಾರಾದರೂ ಇದ್ದಾರಾ?" ಅಂದರು. ಅಂಗಡಿಯವನನ್ನೇ ಕಳಿಸಿಕೊಟ್ಟೆ. ಅವನು ಪ್ರಾರ್ಥನೆ ಮುಗಿಸಿ ಬರುವವರೆಗೆ ಗಲ್ಲಾದಲ್ಲಿ ನಾನೇ ಕೂತೆ.

ತಂಬೂರಿ

ಹಾಗಾದರೆ ನೀವೂ ಆ ಪ್ರಾರ್ಥನೆಯಲ್ಲಿ ಇದ್ದ ಹಾಗೇ ಲೆಕ್ಕ. ನಿಮ್ಮ ಅಜ್ಜ ಈಗ ಹೇಗಿದ್ದಾರೆ?

ಶಿರ್ವದ ಹುಡುಗ

ಇದ್ದಾರೆ. ಈಗ ಇಲ್ಲಿ ಓಮೆರ್ ಎಣಿಕೆಯ ಕಾಲ. ಪಸ್ಕದ ಎರಡನೇ ರಾತ್ರಿಯಿಂದ 49 ದಿನ, ಏಳು ವಾರ, ಪ್ರತಿ ರಾತ್ರಿ ಆಶೀರ್ವಾದ ಹೇಳಿ ಬಾಯಿಬಿಟ್ಟು ಎಣಿಸಬೇಕು. "ಇಂದು ಇಪ್ಪತ್ತಮೂರು ದಿನ, ಅಂದರೆ ಮೂರು ವಾರ ಎರಡು ದಿನ" ಅಂತ. ಐವತ್ತನೇ ದಿನ ಹಬ್ಬ. ಒಂದು ರಾತ್ರಿ ಮರೆತು ಮರುದಿನ ಹಗಲೂ ಮರೆತರೆ, ಮುಂದೆ ಎಣಿಸಬಹುದು, ಆದರೆ ಆಶೀರ್ವಾದ ಹೇಳುವಂತಿಲ್ಲ. ಮಧ್ಯೆ 33ನೇ ರಾತ್ರಿ ಲಗ್ ಬಓಮೆರ್, ಲಾಮೆದ್ 30, ಗಿಮೆಲ್ 3. ಊರೆಲ್ಲ ಬೆಂಕಿ ಹಾಕುತ್ತಾರೆ. ನಮ್ಮ ಬೀದಿಯ ಹುಡುಗರು ಈಗಲೇ ಹಲಗೆ, ಮುರಿದ ಕುರ್ಚಿ ಎಲ್ಲ ಕದ್ದು ಒಟ್ಟುತ್ತಿದ್ದಾರೆ.

ಅಜ್ಜ ಅರವತ್ತು ಎಪ್ಪತ್ತು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲವಂತೆ. ಈಗ ಮರೆವು. ಫ್ರಿಜ್ ಮೇಲೆ 49 ಮನೆಯ ಒಂದು ಹಾಳೆ ಅಂಟಿಸಿದ್ದೇನೆ. ಎಣಿಸಿದ ಮೇಲೆ ಅವರೇ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾರೆ. ಶಬ್ಬಾತ್ ರಾತ್ರಿ ಗೀಟು ಹಾಕುವಂತಿಲ್ಲ, ಅದೂ ಬರೆಯುವ ಕೆಲಸ. ಆ ಒಂದು ದಿನ ನನ್ನ ತಲೆಯಲ್ಲೇ ಇಟ್ಟುಕೊಳ್ಳಬೇಕು.

ಒಂದು ಕಟ್ಟಳೆ ಹೇಳಲೇಬೇಕು. ಸಂಜೆ, ನೀವಿನ್ನೂ ಎಣಿಸಿಲ್ಲ, ಯಾರೋ ಬಂದು ಇವತ್ತು ಎಷ್ಟನೆಯದು ಅಂತ ಕೇಳಿದರು ಅನ್ನಿ. "ಇವತ್ತು ಇಷ್ಟು" ಅಂದರೆ ಎಣಿಸಿದ ಹಾಗೇ ಆಯಿತು, ಆಶೀರ್ವಾದ ತಪ್ಪಿತು. ಅದಕ್ಕೆ "ನಿನ್ನೆ ಇಷ್ಟು" ಅಂತ ಉತ್ತರ ಕೊಡಬೇಕು. ಈ ನಿಯಮ ನನಗೆ ಅನ್ವಯಿಸಲ್ಲ. ಆದರೆ ಅಜ್ಜನ ಮುಂದೆ ನಾನೂ ಹಾಗೇ ಹೇಳುತ್ತೇನೆ. ನಾನು ನಿನ್ನೆಯದು ಹೇಳಿದರೆ ಅವರು ಇವತ್ತಿನದು ತಾವೇ ಹುಡುಕುತ್ತಾರೆ.

ಒಗ್ಗರಣೆ

ಇದು ನ್ಯೂಮರಾಲಜಿ ಅಲ್ಲ. ನನ್ನ ಮೊದಲ ಕಮೆಂಟ್ ವಾಪಸ್. ಅರ್ಧ.

ಮಂಡ್ಯದ ಮಳೆ

ಚರ್ಚೆ ಮುಗಿದು ಸುಮಾರು ದಿನ ಆಯಿತು, ಸುಮ್ನೆ ನೆನಪಾಗಿ ಬಂದೆ. ಶಿರ್ವದವರೇ, ಅಜ್ಜ ತಪ್ಪಿಸದೆ ಎಣಿಸುತ್ತಿದ್ದಾರಾ? ಇವತ್ತು ಎಷ್ಟನೆಯದು?

ಶಿರ್ವದ ಹುಡುಗ

ಇಲ್ಲಿ ಈಗಷ್ಟೇ ಸೂರ್ಯ ಮುಳುಗಿತು. ಅಜ್ಜ ಕೈ ತೊಳೆಯುತ್ತಿದ್ದಾರೆ, ಇನ್ನೂ ಎಣಿಸಿಲ್ಲ. ಕೆಳಗೆ ಹುಡುಗರು ಬೆಂಕಿಪೊಟ್ಟಣ ಹಿಡಿದು ಕಾಯುತ್ತಿದ್ದಾರೆ.

ನಿನ್ನೆ ಮೂವತ್ತೆರಡು.